ಲೋಕಲ್ ಆ್ಯಪ್‌ನಿಂದ ದೂರದ ಎಪಿಐಗೆ ಪ್ರಾಕ್ಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವವರಿಗೆ, ಹೆಬ್ಬಾಳ, ಹೂಟಗಳ್ಳಿ ಕಡೆಯ ಕಂಪನಿಗಳಿಗೆ ಹೊಸದಾಗಿ ಸೇರಿದವರಿಗೆ ಈ ಪುಟ. ಎಲ್ಲ ಉತ್ತರಗಳಿಗೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಹಾಲಿನ ಡೇರಿಗೆ ಮಾಡುತ್ತಿರುವ ವೆಬ್ ಆ್ಯಪ್. ಬೆಳಿಗ್ಗೆ, ಸಂಜೆ ಯಾರು ಎಷ್ಟು ಲೀಟರ್ ಹಾಲು ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಎಷ್ಟು, ಬಟವಾಡೆ ಎಷ್ಟು ಬರಬೇಕು ಎಂದು ಅದು ತೋರಿಸುತ್ತದೆ. ಆ್ಯಪ್‌ನ ಮುಂಭಾಗ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಲೋಕಲ್‌ಹೋಸ್ಟ್‌ನ 5173ನೇ ಪೋರ್ಟಿನಲ್ಲಿ ಓಡುತ್ತಿದೆ. ಆ ಮುಂಭಾಗವನ್ನು ಬ್ರೌಸರ್‌ಗೆ ಕೊಡುತ್ತಿರುವ ಪ್ರೋಗ್ರಾಂ ಡೆವ್ ಸರ್ವರ್. ಲೆಕ್ಕದ ಡೇಟಾ ಕೊಡುವ ಎಪಿಐ ಮುಂಬೈನ ಒಂದು ಕ್ಲೌಡ್ ಸರ್ವರ್‌ನಲ್ಲಿದೆ. ನಡುವೆ ನಿಂತು ರಿಕ್ವೆಸ್ಟ್ ದಾಟಿಸುವುದೇ ಪ್ರಾಕ್ಸಿ.

ಓದುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ: ಈ ರಿಕ್ವೆಸ್ಟ್ ಕಳಿಸುತ್ತಿರುವುದು ಯಾರು, ಬ್ರೌಸರೋ ಡೆವ್ ಸರ್ವರೋ? ಅರ್ಧಕ್ಕರ್ಧ ಗೊಂದಲ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಪೋಸ್ಟ್‌ಮ್ಯಾನ್‌ನಲ್ಲಿ ಡೇಟಾ ಬರುತ್ತೆ, ಬ್ರೌಸರ್‌ನಲ್ಲಿ ಮಾತ್ರ ಕಾರ್ಸ್ ಎರರ್. ಯಾಕೆ?

ತಡೆಯುತ್ತಿರುವುದು ಬ್ರೌಸರ್, ಸರ್ವರ್ ಅಲ್ಲ. ಸ್ಕೀಮ್ (ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್), ಹೋಸ್ಟ್, ಪೋರ್ಟ್ ಈ ಮೂರೂ ಒಂದೇ ಆಗಿದ್ದರೆ ಮಾತ್ರ ಎರಡು ವಿಳಾಸಗಳು ಒಂದೇ ಆರಿಜಿನ್. ಮೂರರಲ್ಲಿ ಒಂದು ಬದಲಾದರೂ ಬೇರೆ ಆರಿಜಿನ್, ಮತ್ತು ಒಂದು ಆರಿಜಿನ್‌ನ ಪುಟದಲ್ಲಿ ಓಡುವ ಸ್ಕ್ರಿಪ್ಟ್ ಇನ್ನೊಂದರ ಉತ್ತರವನ್ನು ಓದಬೇಕಾದರೆ ಆ ಇನ್ನೊಂದು ಸರ್ವರ್ ಒಪ್ಪಿಗೆಯ ಹೆಡರ್ ಕಳಿಸಿರಬೇಕು. ಈ ಒಪ್ಪಿಗೆಯ ವ್ಯವಸ್ಥೆಯೇ ಕಾರ್ಸ್. ಬೇರೆ ಆರಿಜಿನ್‌ನದನ್ನು ಓದಬಾರದು ಎಂಬ ಮೂಲ ಕಟ್ಟುಪಾಡು 1995ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 2ರ ಜೊತೆ ಬಂದದ್ದು, ಇವತ್ತಿಗೂ ನಮ್ಮನ್ನು ಕಾಯುತ್ತಿದೆ. ಅದಿಲ್ಲದಿದ್ದರೆ ಒಂದು ಟ್ಯಾಬಿನಲ್ಲಿ ತೆರೆದ ಯಾವುದೋ ಪುಟ ಇನ್ನೊಂದು ಟ್ಯಾಬಿನಲ್ಲಿ ಲಾಗಿನ್ ಆಗಿರುವ ನಿಮ್ಮ ಬ್ಯಾಂಕಿನ ಪುಟವನ್ನು ಓದಿಬಿಡುತ್ತಿತ್ತು.

ಪೋಸ್ಟ್‌ಮ್ಯಾನ್, ಕರ್ಲ್ ಇವು ಎಪಿಐಗೆ ನೇರ ರಿಕ್ವೆಸ್ಟ್ ಕಳಿಸುವ ಟೂಲ್‌ಗಳು, ಬ್ರೌಸರ್‌ಗಳಲ್ಲ. ಅವಕ್ಕೆ ಈ ನಿಯಮವೂ ಇಲ್ಲ. ಬ್ರೌಸರ್‌ನಲ್ಲಿ ಎರರ್ ಬಂದಾಗಲೂ ಎಷ್ಟೋ ಸಲ ಸರ್ವರ್ ಸರಿಯಾಗಿಯೇ ಉತ್ತರ ಕೊಟ್ಟಿರುತ್ತದೆ. ಬ್ರೌಸರ್ ಅದನ್ನು ನಿಮ್ಮ ಸ್ಕ್ರಿಪ್ಟ್‌ಗೆ ತೋರಿಸುವುದಿಲ್ಲ ಅಷ್ಟೆ.

ಹಾಗಾದರೆ ಪ್ರಾಕ್ಸಿ ಮಾಡೋದೇನು?

ಬ್ರೌಸರ್ ತನಗೆ ಪುಟ ಕೊಟ್ಟ ಡೆವ್ ಸರ್ವರನ್ನೇ "/ಎಪಿಐ/ಹಾಲು" ಕೊಡು ಎಂದು ಕೇಳುತ್ತದೆ (ಹಾದಿಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಕೋಡಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತವೆ). ಸ್ಕೀಮ್, ಹೋಸ್ಟ್, ಪೋರ್ಟ್ ಮೂರೂ ಅವೇ, ಹಾಗಾಗಿ ತಕರಾರಿಲ್ಲ. ಡೆವ್ ಸರ್ವರ್ ಅದೇ ರಿಕ್ವೆಸ್ಟನ್ನು ಮುಂಬೈನ ಸರ್ವರ್‌ಗೆ ತಾನೇ ಕಳಿಸಿ, ಬಂದ ಉತ್ತರವನ್ನು ಬ್ರೌಸರ್ ಕೈಗೆ ಕೊಡುತ್ತದೆ. ಡೆವ್ ಸರ್ವರ್ ಒಂದು ನೋಡ್ ಪ್ರೋಗ್ರಾಂ. ಪೋಸ್ಟ್‌ಮ್ಯಾನ್‌ನಂತೆ ಅದಕ್ಕೂ ಆರಿಜಿನ್ ನಿಯಮ ಇಲ್ಲ.

ಇನ್ನೊಂದು ಅನುಕೂಲವೂ ಇದೆ. ಬೇರೆ ಆರಿಜಿನ್‌ಗೆ ಜೇಸನ್ ಕಳಿಸುವಾಗ ಅಥವಾ ಆಥರೈಸೇಷನ್ ಹೆಡರ್ ಸೇರಿಸಿದಾಗ ಬ್ರೌಸರ್ ಮೊದಲು ಆಪ್ಷನ್ಸ್ ಎಂಬ ಪ್ರೀಫ್ಲೈಟ್ ರಿಕ್ವೆಸ್ಟ್ ಕಳಿಸಿ ಅನುಮತಿ ಕೇಳುತ್ತದೆ. ಒಂದೇ ಆರಿಜಿನ್ ಆದರೆ ಆ ಹೆಚ್ಚುವರಿ ಓಡಾಟ ಇರುವುದಿಲ್ಲ.

ಬ್ಯಾಕೆಂಡ್‌ನವರಿಗೆ ಹೇಳಿ ಕಾರ್ಸ್ ಓಪನ್ ಮಾಡಿಸಿದರೆ ಸಾಕಲ್ವಾ?

ಕೆಲವು ಸಂದರ್ಭದಲ್ಲಿ ಅದೇ ಸರಿ. ಆ್ಯಪ್ ಒಂದು ಡೊಮೇನ್‌ನಲ್ಲಿ, ಎಪಿಐ ಇನ್ನೊಂದರಲ್ಲಿ ಕೊನೆಯವರೆಗೂ ಇರುವುದಾದರೆ ಸರ್ವರ್‌ನಲ್ಲಿ ಕಾರ್ಸ್ ಹೊಂದಿಸಲೇಬೇಕು. ಆದರೆ ನಿಮ್ಮ ಲ್ಯಾಪ್‌ಟಾಪ್ ಕೆಲಸಕ್ಕಾಗಿ ಮಾತ್ರ ಎಲ್ಲರಿಗೂ ಬಾಗಿಲು ತೆರೆಯುವ ನಕ್ಷತ್ರ ಚಿಹ್ನೆ ಹಾಕಿಸಬೇಡಿ. ಕುಕ್ಕಿ ಬೇಕಾದ ರಿಕ್ವೆಸ್ಟ್‌ಗಳಿಗೆ ಆ ನಕ್ಷತ್ರ ಹೇಗೂ ಕೆಲಸ ಮಾಡುವುದಿಲ್ಲ. ಅಲ್ಲಿ ಆರಿಜಿನ್‌ನ ಪೂರ್ತಿ ಹೆಸರೇ ಬೇಕು.

ಬ್ರೌಸರ್‌ನಲ್ಲಿ ಸೆಕ್ಯುರಿಟಿ ಆಫ್ ಮಾಡೋದು, ಇಲ್ಲವೇ ಯಾರದೋ ಉಚಿತ ಪ್ರಾಕ್ಸಿ ಬಳಸೋದು?

ಎರಡೂ ಬೇಡ. ಸೆಕ್ಯುರಿಟಿ ಆಫ್ ಮಾಡಿದ ಬ್ರೌಸರ್‌ನಲ್ಲೇ ನೀವು ಜಿಮೇಲ್ ತೆರೆಯುತ್ತೀರಿ, ಫೀಸ್ ಕಟ್ಟುತ್ತೀರಿ. ಇನ್ನು ಅಂತರ್ಜಾಲದಲ್ಲಿ ಸಿಗುವ ಉಚಿತ ಪ್ರಾಕ್ಸಿಗೆ ನಿಮ್ಮ ರಿಕ್ವೆಸ್ಟ್ ಕೊಟ್ಟರೆ ಟೋಕನ್, ಪಾಸ್‌ವರ್ಡ್, ರೈತರ ಬ್ಯಾಂಕ್ ಖಾತೆ ಸಂಖ್ಯೆ ಎಲ್ಲವನ್ನೂ ಅದನ್ನು ನಡೆಸುವವರು ಓದಬಹುದು. ಒಂದು ಡೇರಿಯ ಇನ್ನೂರು ಮನೆಗಳ ಲೆಕ್ಕ ನಮ್ಮನ್ನು ನಂಬಿ ಕೊಟ್ಟದ್ದು. ಐದು ನಿಮಿಷ ಉಳಿಸಲು ಅದನ್ನು ಗುರುತಿಲ್ಲದವರ ಕೈಗೆ ಹಾಕಬಾರದು.

ಪ್ರಾಕ್ಸಿ ಸೆಟ್ಟಿಂಗ್ ಎಲ್ಲಿ ಬರೆಯಬೇಕು?

ನೀವು ಬಳಸುವ ಟೂಲ್ ಮೇಲೆ ಹೋಗುತ್ತದೆ.

ವೀಟ್ ಆದರೆ ಅದರ ಕಾನ್ಫಿಗ್ ಫೈಲಿನಲ್ಲಿ ಸರ್ವರ್ ಎಂಬುದರ ಒಳಗೆ ಪ್ರಾಕ್ಸಿ ಎಂಬ ಭಾಗ. ಎಡಗಡೆ ಹಾದಿಯ ಮೊದಲ ತುಣುಕು, ಬಲಗಡೆ ಟಾರ್ಗೆಟ್ ವಿಳಾಸ. ಆ್ಯಂಗ್ಯುಲರ್‌ನಲ್ಲಿ ಪ್ರತ್ಯೇಕ ಪ್ರಾಕ್ಸಿ ಕಾನ್ಫಿಗ್ ಫೈಲ್ ಮಾಡಿ, ಅದರ ಹೆಸರನ್ನು ಆ್ಯಂಗ್ಯುಲರ್ ಜೇಸನ್ ಫೈಲಿನ ಸರ್ವ್ ಆಯ್ಕೆಗಳಲ್ಲಿ ಹೇಳಬೇಕು. ಅದು ಸಾಮಾನ್ಯವಾಗಿ 4200ನೇ ಪೋರ್ಟಿನಲ್ಲಿ ಓಡುತ್ತದೆ. ವೆಬ್‌ಪ್ಯಾಕ್‌ನಲ್ಲಿ ಡೆವ್‌ಸರ್ವರ್ ಕೆಳಗಿನ ಪ್ರಾಕ್ಸಿ. ಅದರ ಡೆವ್ ಸರ್ವರ್ 5ನೇ ಆವೃತ್ತಿಯಿಂದ ಇದನ್ನು ಪಟ್ಟಿಯಾಗಿಯೇ ಬರೆಯಬೇಕು, ಹಳೆಯ ಟ್ಯುಟೋರಿಯಲ್ ನೋಡಿ ಬರೆದರೆ ಎರರ್ ಬರುತ್ತದೆ.

ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಲ್ಲಿ ಮಾಡಿದ ಹಳೆಯ ಪ್ರಾಜೆಕ್ಟ್ ಸೀನಿಯರ್‌ಗಳಿಂದ ಸಿಕ್ಕಿದ್ದರೆ, ಪ್ಯಾಕೇಜ್ ಜೇಸನ್‌ನಲ್ಲಿ ಪ್ರಾಕ್ಸಿ ಎಂದು ಒಂದೇ ಸಾಲು ಬರೆದಿರುವುದು ಕಾಣುತ್ತದೆ. ಬ್ರೌಸರ್ ಪುಟವನ್ನೇ ಕೇಳುತ್ತಿದೆ ಎನಿಸುವ ರಿಕ್ವೆಸ್ಟ್‌ಗಳನ್ನು, ಎಂದರೆ ಆಕ್ಸೆಪ್ಟ್ ಹೆಡರ್‌ನಲ್ಲಿ ಎಚ್‌ಟಿಎಂಎಲ್ ಇರುವವನ್ನು, ಆ ಸಾಲು ಮುಂದಕ್ಕೆ ಕಳಿಸುವುದಿಲ್ಲ. ಅಡ್ರೆಸ್ ಬಾರಿನಲ್ಲಿ ಎಪಿಐ ವಿಳಾಸ ಟೈಪ್ ಮಾಡಿ "ಪ್ರಾಕ್ಸಿ ಓಡ್ತಿಲ್ಲ" ಎನ್ನುವವರು ಇದನ್ನು ಗಮನಿಸಿ. ಆ ಟೂಲನ್ನು 2025ರ ಫೆಬ್ರುವರಿಯಲ್ಲಿ ರಿಯಾಕ್ಟ್ ತಂಡವೇ ಕೈಬಿಟ್ಟಿದೆ. ಹೊಸ ಪ್ರಾಜೆಕ್ಟ್‌ಗೆ ಬೇಡ.

ಎಲ್ಲಾ ಬರೆದೆ, ಆದರೂ ಅದೇ ಕಾರ್ಸ್ ಎರರ್!

ಕೋಡಿನಲ್ಲಿ ಫೆಚ್ ಮಾಡುವ ಜಾಗಕ್ಕೆ ಹೋಗಿ ನೋಡಿ. ಅಲ್ಲಿ ಇನ್ನೂ ಮುಂಬೈ ಸರ್ವರ್‌ನ ಪೂರ್ತಿ ವಿಳಾಸ ಇದ್ದರೆ ಬ್ರೌಸರ್ ನೇರ ಅಲ್ಲಿಗೇ ಹೋಗುತ್ತದೆ, ಪ್ರಾಕ್ಸಿಯ ಹತ್ತಿರ ಸುಳಿಯುವುದೂ ಇಲ್ಲ. ವಿಳಾಸ ಬರೀ "/ಎಪಿಐ/ಹಾಲು" ಎಂದು ಶುರುವಾಗಬೇಕು. ಫೆಚ್ ಬದಲು ಆಕ್ಸಿಯೋಸ್ ಲೈಬ್ರರಿ ಬಳಸುತ್ತಿದ್ದರೆ ಅದರ ಬೇಸ್ ಯುಆರ್‌ಎಲ್ ಕೂಡ ನೋಡಿ. ಎನ್ವ್ ಫೈಲಿನಿಂದ ಹಳೆಯ ವಿಳಾಸ ಅಲ್ಲಿಗೆ ಬಂದು ಕೂತಿರುತ್ತದೆ.

ಈ ಪುಟದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಸರ್ವರ್ ಎಲ್ಲಿದೆ ಎಂಬುದು ಆ್ಯಪ್‌ನ ಕೋಡಿಗೆ ಗೊತ್ತಿರಬಾರದು. ಅದಕ್ಕೆ "/ಎಪಿಐ" ಮಾತ್ರ ಗೊತ್ತಿರಲಿ. ಅದು ಮುಂಬೈಗೆ ಹೋಗಬೇಕೋ, ಪಕ್ಕದ ಟೇಬಲ್‌ನವರ ಲ್ಯಾಪ್‌ಟಾಪ್‌ಗೆ ಹೋಗಬೇಕೋ ಎಂಬುದನ್ನು ಹೊರಗಿನ ಸೆಟ್ಟಿಂಗ್ ತೀರ್ಮಾನಿಸಲಿ.

ಆ್ಯಂಗ್ಯುಲರ್‌ನಲ್ಲಿ ಪ್ರಾಕ್ಸಿ ಫೈಲ್ ತಿದ್ದಿದ ಮೇಲೆ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ. ವೀಟ್ ತನ್ನ ಕಾನ್ಫಿಗ್ ಬದಲಾದರೆ ತಾನೇ ಮರುಪ್ರಾರಂಭ ಆಗುತ್ತದೆ.

ಜೇಸನ್ ಬರಬೇಕಾದ ಕಡೆ "ಅನಿರೀಕ್ಷಿತ ಚಿಹ್ನೆ <" ಅಂತ ಎರರ್ ಬರ್ತಿದೆ.

ಬಂದಿರುವುದು ಜೇಸನ್ ಅಲ್ಲ, ಎಚ್‌ಟಿಎಂಎಲ್ ಪುಟ. ರಿಕ್ವೆಸ್ಟ್‌ನ ಹಾದಿ ಯಾವ ಪ್ರಾಕ್ಸಿ ನಿಯಮಕ್ಕೂ ಹೊಂದಿಲ್ಲ. ಡೆವ್ ಸರ್ವರ್ "ಇದು ಆ್ಯಪ್ ಒಳಗಿನ ಯಾವುದೋ ಪುಟ" ಎಂದುಕೊಂಡು ನಿಮ್ಮ ಇಂಡೆಕ್ಸ್ ಪುಟವನ್ನೇ ಕೊಟ್ಟಿದೆ, ಅದೂ 200 ಸ್ಟೇಟಸ್ ಜೊತೆ. ಹಾದಿಯ ಕಾಗುಣಿತ, ಮೊದಲ ಓರೆಗೆರೆ, ದೊಡ್ಡಕ್ಷರ ಸಣ್ಣಕ್ಷರ ನೋಡಿ.

ಪ್ರಾಕ್ಸಿ ಮೂಲಕ ಹೋದರೆ 404, ನೇರ ಹೋದರೆ ಸರಿ.

ನೀವು ಕೇಳಿದ್ದು "/ಎಪಿಐ/ಹಾಲು". ಸರ್ವರ್‌ನಲ್ಲಿ ಇರುವುದು ಬರೀ "/ಹಾಲು". ಪ್ರಾಕ್ಸಿ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ವೀಟ್‌ನಲ್ಲಿ ರೀರೈಟ್, ವೆಬ್‌ಪ್ಯಾಕ್‌ನಲ್ಲಿ ಪಾತ್‌ರೀರೈಟ್ ಬರೆದು ಮೊದಲ ತುಣುಕು ತೆಗೆಸಬೇಕು. ಟಾರ್ಗೆಟ್ ವಿಳಾಸದ ಕೊನೆಯಲ್ಲೇ ಏನಾದರೂ ಹಾದಿ ಇದ್ದರೆ ಅದು ನೀವು ಕೇಳಿದ ಹಾದಿಯ ಮೊದಲಿಗೆ ಸೇರಿಕೊಳ್ಳುತ್ತದೆ ಎಂಬುದೂ ನೆನಪಿರಲಿ.

ಬ್ಯಾಕೆಂಡ್ ನಿಮ್ಮದೇ ಆಗಿದ್ದರೆ ಅಲ್ಲಿನ ಹಾದಿಗಳನ್ನೇ "/ಎಪಿಐ" ಇಂದ ಶುರು ಮಾಡಿ. ರೀರೈಟ್ ಬೇಕಾಗುವುದೇ ಇಲ್ಲ, ಮುಂದೆ ಸರ್ವರ್‌ಗೆ ಏರಿಸುವಾಗಲೂ ತೊಂದರೆ ಇಲ್ಲ.

ಚೇಂಜ್‌ಆರಿಜಿನ್ ಅಂದರೆ ಏನು? ಎಲ್ಲರೂ ಹಾಕ್ತಾರೆ, ಯಾಕೆ ಅಂತ ಯಾರೂ ಹೇಳಲ್ಲ.

ಇದನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ಅರ್ಥವಾಗದೆ ಬಳಸುವ ಆಯ್ಕೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಇದು ಬದಲಾಯಿಸುವುದು ಹೋಸ್ಟ್ ಹೆಡರನ್ನು. ಆರಿಜಿನ್ ಹೆಡರನ್ನು ಮುಟ್ಟುವುದಿಲ್ಲ.

ಒಂದೇ ಐಪಿ ವಿಳಾಸದ ಹಿಂದೆ ಹತ್ತಾರು ಸೈಟ್‌ಗಳು ಇರಬಹುದು. ಯಾವುದು ಬೇಕು ಎಂಬುದನ್ನು ಆ ಕಡೆಯ ಸರ್ವರ್ ಹೋಸ್ಟ್ ಹೆಡರ್ ನೋಡಿ ತಿಳಿಯುತ್ತದೆ. ಈ ಆಯ್ಕೆ ಆಫ್ ಇದ್ದರೆ ಮುಂಬೈಗೆ ಹೋಗುವ ರಿಕ್ವೆಸ್ಟ್‌ನಲ್ಲಿ "ಲೋಕಲ್‌ಹೋಸ್ಟ್ 5173" ಎಂದೇ ಇರುತ್ತದೆ. ಆ ಹೆಸರಿನ ಸೈಟ್ ಅಲ್ಲಿಲ್ಲ. 404 ಬರುತ್ತದೆ, 403 ಬರುತ್ತದೆ, ಒಮ್ಮೊಮ್ಮೆ ಸಂಬಂಧವಿಲ್ಲದ ಬೇರೆ ಪುಟವೇ ಬರುತ್ತದೆ. ಎಚ್‌ಟಿಟಿಪಿಎಸ್ ಆದರೆ ಇನ್ನೂ ಒಂದು ಪೇಚು: ನೋಡ್ ಆ ಹೋಸ್ಟ್ ಹೆಡರ್‌ನ ಹೆಸರನ್ನೇ ಇಟ್ಟುಕೊಂಡು ಸರ್ಟಿಫಿಕೇಟ್ ತಾಳೆ ನೋಡುತ್ತದೆ. ಸರ್ಟಿಫಿಕೇಟ್‌ನಲ್ಲಿ ಲೋಕಲ್‌ಹೋಸ್ಟ್ ಎಂದು ಇರುವುದಿಲ್ಲವಾದ್ದರಿಂದ "ಹೆಸರು ಹೊಂದುತ್ತಿಲ್ಲ" ಎಂಬ ಎರರ್. ಅದನ್ನು ನೋಡಿ ಬಹಳ ಜನ ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡುತ್ತಾರೆ. ಬೇಕಿದ್ದದ್ದು ಚೇಂಜ್‌ಆರಿಜಿನ್ ಆನ್ ಮಾಡುವುದಷ್ಟೇ.

ವೀಟ್‌ನಲ್ಲಿ ಟಾರ್ಗೆಟ್ ವಿಳಾಸವನ್ನು ಬರೀ ಒಂದು ಸ್ಟ್ರಿಂಗ್ ಆಗಿ ಬರೆದರೆ ಇದು ತಾನಾಗಿ ಆನ್ ಆಗುತ್ತದೆ. ರೀರೈಟ್ ಸೇರಿಸಬೇಕೆಂದು ಅದನ್ನೇ ಆಬ್ಜೆಕ್ಟ್ ಆಗಿ ಬದಲಿಸಿದ ತಕ್ಷಣ ಆಫ್ ಆಗಿಬಿಡುತ್ತದೆ. "ನಿನ್ನೆ ಓಡ್ತಿತ್ತು, ಇವತ್ತು ಓಡ್ತಿಲ್ಲ" ಎನ್ನುವಾಗ ಇದನ್ನು ಮೊದಲು ನೋಡಿ.

ಇನ್ನು ಆರಿಜಿನ್ ಹೆಡರ್. ಪೋಸ್ಟ್, ಪುಟ್, ಡಿಲೀಟ್ ಮಾಡುವಾಗ ಬ್ರೌಸರ್ ಅದನ್ನು ಒಂದೇ ಆರಿಜಿನ್ ಇದ್ದರೂ ಸೇರಿಸುತ್ತದೆ, ಪ್ರಾಕ್ಸಿ ಹಾಗೇ ದಾಟಿಸುತ್ತದೆ. ಸ್ಪ್ರಿಂಗ್‌ನಂಥ ಬ್ಯಾಕೆಂಡ್‌ಗಳಲ್ಲಿ ಕಾರ್ಸ್ ಪಟ್ಟಿ ಇದ್ದರೆ, ಪಟ್ಟಿಯಲ್ಲಿಲ್ಲದ ಲೋಕಲ್‌ಹೋಸ್ಟ್ ಕಂಡು 403 ಕೊಡುತ್ತವೆ. ಗೆಟ್ ಸರಿ, ಪೋಸ್ಟ್ ಮಾತ್ರ 403 ಎಂದರೆ ಅನುಮಾನ ಇಲ್ಲಿಗೆ ಬರಲಿ. ಪ್ರಾಕ್ಸಿಯ ಹೆಡರ್ಸ್ ಆಯ್ಕೆಯಲ್ಲಿ ಆರಿಜಿನ್ ಅನ್ನು ಟಾರ್ಗೆಟ್ ವಿಳಾಸಕ್ಕೆ ಬದಲಿಸಬಹುದು. ಆ ಕಡೆ ಇರುವುದು ಟೆಸ್ಟ್ ಸರ್ವರ್ ಆದರೆ ಬ್ಯಾಕೆಂಡ್ ಪಟ್ಟಿಗೆ ಲೋಕಲ್‌ಹೋಸ್ಟ್ ಸೇರಿಸುವುದೂ ಸರಿ.

ಬ್ಯಾಕೆಂಡ್ ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡ್ತಿದೆ, ಆದರೂ ಕನೆಕ್ಷನ್ ರಿಫ್ಯೂಸ್ಡ್ ಅನ್ನುತ್ತೆ.

ನೋಡ್ 17 ಬಂದ 2021ರಿಂದ ಲೋಕಲ್‌ಹೋಸ್ಟ್ ಎಂಬ ಹೆಸರಿಗೆ ಐಪಿವಿ6 ವಿಳಾಸ ಮೊದಲು ಸಿಗಬಹುದು. ನಿಮ್ಮ ಬ್ಯಾಕೆಂಡ್ ಐಪಿವಿ4ನಲ್ಲಿ ಮಾತ್ರ ಕಾಯುತ್ತಿದ್ದರೆ ಇಬ್ಬರೂ ಭೇಟಿಯಾಗುವುದಿಲ್ಲ. ಟಾರ್ಗೆಟ್‌ನಲ್ಲಿ ಲೋಕಲ್‌ಹೋಸ್ಟ್ ಬದಲು 127.0.0.1 ಎಂದು ಬರೆದು ನೋಡಿ. ಅದಕ್ಕೂ ಮೊದಲು, ಬ್ಯಾಕೆಂಡ್ ಎದ್ದಿದೆಯಾ, ಪೋರ್ಟ್ ಅದೇನಾ ಎಂದು ನೋಡಿ.

ಸರ್ಟಿಫಿಕೇಟ್ ತಪಾಸಣೆ ನಿಲ್ಲಿಸಲು ಪ್ರಾಕ್ಸಿಯ ಸೆಕ್ಯೂರ್ ಆಯ್ಕೆಯನ್ನು ಫಾಲ್ಸ್ ಮಾಡಬಹುದಾ?

ಟೀಮಿನವರೇ ಮಾಡಿಕೊಂಡ ಸರ್ಟಿಫಿಕೇಟ್ ಇರುವ ಟೆಸ್ಟ್ ಸರ್ವರ್‌ಗೆ ಮಾತ್ರ. ಬೇರೆ ಎಲ್ಲಿಯೂ ಬೇಡ.

ಲಾಗಿನ್ ಸಕ್ಸಸ್ ಅನ್ನುತ್ತೆ, ಮುಂದಿನ ಪುಟಕ್ಕೆ ಹೋದರೆ 401.

ಕುಕ್ಕಿ ಉಳಿದಿಲ್ಲ. ನೆಟ್‌ವರ್ಕ್ ಟ್ಯಾಬಿನಲ್ಲಿ ಲಾಗಿನ್ ಉತ್ತರದ ಸೆಟ್-ಕುಕ್ಕಿ ಹೆಡರ್ ನೋಡಿ. ಅದರಲ್ಲಿ ಡೊಮೇನ್ ಎಂದು ಡೇರಿ ಸರ್ವರ್‌ನ ಹೆಸರು ಇದ್ದರೆ, ಬ್ರೌಸರ್ ಮಾತಾಡುತ್ತಿರುವುದು ಲೋಕಲ್‌ಹೋಸ್ಟ್ ಜೊತೆಯಾದ್ದರಿಂದ ಆ ಕುಕ್ಕಿಯನ್ನು ತಳ್ಳಿಹಾಕುತ್ತದೆ. ಪ್ರಾಕ್ಸಿಯಲ್ಲಿ ಕುಕ್ಕಿ-ಡೊಮೇನ್-ರೀರೈಟ್ ಆಯ್ಕೆಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಡೊಮೇನ್ ಭಾಗ ತೆಗೆದುಹೋಗುತ್ತದೆ. ಹಾದಿಯನ್ನು ರೀರೈಟ್ ಮಾಡಿದ್ದರೆ ಕುಕ್ಕಿಯ ಪಾತ್ ಕೂಡ ತಪ್ಪಿರಬಹುದು. ಅದಕ್ಕೂ ಇಂಥದೇ ಆಯ್ಕೆ ಇದೆ.

ಸೆಕ್ಯೂರ್ ಎಂಬ ಗುರುತಿರುವ ಕುಕ್ಕಿಯನ್ನು ಕ್ರೋಮ್, ಫೈರ್‌ಫಾಕ್ಸ್ ಲೋಕಲ್‌ಹೋಸ್ಟ್‌ನಲ್ಲಿ ಎಚ್‌ಟಿಟಿಪಿ ಇದ್ದರೂ ಒಪ್ಪುತ್ತವೆ. ಸಫಾರಿ ಒಪ್ಪುವುದಿಲ್ಲ. ಟೀಮಿನಲ್ಲಿ ಮ್ಯಾಕ್ ಇರುವ ಒಬ್ಬರಿಗೆ ಮಾತ್ರ ಲಾಗಿನ್ ಆಗದಿದ್ದರೆ ಅವರ ಲ್ಯಾಪ್‌ಟಾಪ್ ಮೇಲೆ ತಪ್ಪು ಹೊರಿಸಬೇಡಿ.

ಕುಕ್ಕಿಗೆ ಪೋರ್ಟಿನ ಭೇದ ಇಲ್ಲ ಎಂಬುದನ್ನೂ ತಿಳಿದಿರಿ. 5173ರಲ್ಲಿ ಡೇರಿ ಆ್ಯಪ್, 3000ದಲ್ಲಿ ಇನ್ನೊಂದು ಪ್ರಾಜೆಕ್ಟ್ ಓಡುತ್ತಿದ್ದು ಎರಡೂ ಒಂದೇ ಹೆಸರಿನ ಸೆಷನ್ ಕುಕ್ಕಿ ಬಳಸಿದರೆ ಒಂದು ಇನ್ನೊಂದನ್ನು ಅಳಿಸುತ್ತದೆ.

ಲಾಗಿನ್ ಆದ ಮೇಲೆ ಸರ್ವರ್ ತನ್ನ ಪೂರ್ತಿ ವಿಳಾಸಕ್ಕೆ 302 ಕೊಟ್ಟು ಕಳಿಸುತ್ತಿದ್ದರೆ ಬ್ರೌಸರ್ ಪ್ರಾಕ್ಸಿ ಬಿಟ್ಟು ನೇರ ಮುಂಬೈಗೆ ಹೋಗುತ್ತದೆ, ಕಾರ್ಸ್ ಎರರ್ ಮತ್ತೆ ಶುರು. ಆಟೋ-ರೀರೈಟ್ ಆಯ್ಕೆ ಆ ವಿಳಾಸದ ಹೋಸ್ಟನ್ನು ಲೋಕಲ್‌ಹೋಸ್ಟ್ ಆಗಿ ತಿದ್ದುತ್ತದೆ. ಎಚ್‌ಟಿಟಿಪಿಎಸ್ ಅನ್ನು ಎಚ್‌ಟಿಟಿಪಿ ಮಾಡಲು ಪ್ರೋಟೋಕಾಲ್-ರೀರೈಟ್ ಬೇಕು.

ಹಾದಿಯಲ್ಲಿ ಕನ್ನಡ ಹೆಸರು ಹಾಕಿದರೆ ತೊಂದರೆ ಆಗುತ್ತಾ?

ನಮ್ಮ ಆ್ಯಪ್‌ಗಳಲ್ಲಿ ಮಾತ್ರ ಬರುವ, ಇಂಗ್ಲಿಷ್ ಟ್ಯುಟೋರಿಯಲ್‌ಗಳು ಮುಟ್ಟದ ಪ್ರಶ್ನೆ ಇದು. ತಾಲ್ಲೂಕಿನ ಪ್ರಕಾರ ಡೇರಿಗಳನ್ನು ಹುಡುಕಲು "ಮದ್ದೂರು" ಎಂದು ಕಳಿಸಿದಿರಿ ಎನ್ನಿ. ನಮ್ಮ ಕಣ್ಣಿಗೆ ಮೂರಕ್ಷರ. ಯೂನಿಕೋಡ್‌ನಲ್ಲಿ ಒತ್ತು, ಕೊಂಬು, ವಿರಾಮ ಎಲ್ಲ ಸೇರಿ 7 ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಒಟ್ಟು 21. ವಿಳಾಸದಲ್ಲಿ ಹೋಗುವಾಗ ಪ್ರತಿ ಬೈಟ್ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ 63 ಅಕ್ಷರದ ಸಾಲಾಗುತ್ತದೆ. ಲಾಗ್‌ನಲ್ಲಿ ಆ ಸಾಲು ಕಂಡು ಗಾಬರಿಯಾಗಬೇಡಿ, ಅದು ಸರಿಯಾಗಿಯೇ ಇದೆ.

ತಪ್ಪುವುದು ಎರಡು ಸಲ ಎನ್‌ಕೋಡ್ ಆದಾಗ. ನೀವು ಎನ್‌ಕೋಡ್ ಮಾಡಿದ್ದನ್ನು ರೀರೈಟ್ ಫಂಕ್ಷನ್ ಒಳಗೆ ಇನ್ನೊಬ್ಬರು ಮತ್ತೆ ಎನ್‌ಕೋಡ್ ಮಾಡಿದರೆ ಪ್ರತಿ ಶೇಕಡಾ ಚಿಹ್ನೆಯ ಪಕ್ಕ 25 ಸೇರಿ ಸಾಲು 105 ಅಕ್ಷರ ಆಗುತ್ತದೆ. ಸರ್ವರ್ ಅದನ್ನು ಒಂದೇ ಸಲ ಬಿಚ್ಚುತ್ತದೆ, ಮದ್ದೂರು ಸಿಗುವುದಿಲ್ಲ, ಖಾಲಿ ಪಟ್ಟಿ ಬರುತ್ತದೆ. ಎರರ್ ಕೂಡ ಇಲ್ಲದ ಈ ಖಾಲಿ ಪಟ್ಟಿ ಹುಡುಕುವುದು ಕಷ್ಟ. ಲಾಗ್‌ನಲ್ಲಿ ಶೇಕಡಾ ಚಿಹ್ನೆಯ ಪಕ್ಕ 25 ಪದೇ ಪದೇ ಕಂಡರೆ ಕಾರಣ ಅದೇ.

ಹೆಡರ್‌ಗಳಲ್ಲಂತೂ ಕನ್ನಡವನ್ನು ಹಾಗೇ ಹಾಕಲೇಬೇಡಿ. "ಅಮಾನ್ಯ ಅಕ್ಷರ" ಎಂದು ನೋಡ್ ತಡೆಯುತ್ತದೆ. ನನ್ನ ಸಲಹೆ: ಹುಡುಕಲು ತಾಲ್ಲೂಕಿನ ಒಂದು ಸಂಖ್ಯೆ ಕಳಿಸಿ, ಕನ್ನಡದ ಹೆಸರು ಜೇಸನ್ ಒಳಗೆ ಬರಲಿ. ಅಲ್ಲಿ ಪ್ರಾಕ್ಸಿ ಬೈಟುಗಳನ್ನು ಇದ್ದ ಹಾಗೇ ದಾಟಿಸುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ: ಏಳು ತಾಲ್ಲೂಕಿಗೆ ಏಳು ಸಂಖ್ಯೆ ಸಾಕು. ಪರದೆಯ ಮೇಲೆ ಮಾತ್ರ ಹೆಸರು ಕನ್ನಡದಲ್ಲೇ ಇರಲಿ, ಓದುವವರು ಹಾಲು ಹಾಕುವ ರೈತರು.

ನಾನೇ ಎಕ್ಸ್‌ಪ್ರೆಸ್‌ನಲ್ಲಿ ಪ್ರಾಕ್ಸಿ ಬರೆದೆ. ಗೆಟ್ ಓಡುತ್ತೆ, ಪೋಸ್ಟ್ ಸುತ್ತುತ್ತಲೇ ಇರುತ್ತೆ.

ಪ್ರಾಕ್ಸಿಗಿಂತ ಮೊದಲು ಜೇಸನ್ ಓದುವ ಮಿಡಲ್‌ವೇರ್ ಹಾಕಿದ್ದೀರಿ. ಅದು ರಿಕ್ವೆಸ್ಟ್‌ನ ಒಡಲನ್ನು ಓದಿ ಮುಗಿಸಿದೆ. ಪ್ರಾಕ್ಸಿಗೆ ಕಳಿಸಲು ಏನೂ ಉಳಿದಿಲ್ಲ. ಇಷ್ಟು ಬೈಟ್ ಬರುತ್ತದೆ ಎಂದು ಹೆಡರ್ ಹೇಳಿರುವುದರಿಂದ ಆ ಕಡೆಯ ಸರ್ವರ್ ಕಾಯುತ್ತಲೇ ಇದೆ. ಪ್ರಾಕ್ಸಿಯ ಸಾಲನ್ನು ಮೇಲಕ್ಕೆ ತನ್ನಿ.

ವೆಬ್‌ಸಾಕೆಟ್?

ಸರ್ವರ್ ಜೊತೆ ಸದಾ ತೆರೆದಿರುವ ಈ ಸಂಪರ್ಕಕ್ಕೆ ಪ್ರಾಕ್ಸಿಯ ಡಬ್ಲ್ಯೂಎಸ್ ಆಯ್ಕೆ ಆನ್ ಮಾಡಿ. ಅದಕ್ಕೆ ಪ್ರತ್ಯೇಕ ಹಾದಿ ಕೊಡಿ, ಬರೀ ಓರೆಗೆರೆ ಕೊಟ್ಟರೆ ಡೆವ್ ಸರ್ವರ್‌ನ ತನ್ನದೇ ಲೈವ್ ರೀಲೋಡ್ ಸಾಕೆಟ್ ಜೊತೆ ಜಗಳ ಆಗುತ್ತದೆ.

ಆಫೀಸ್ ನೆಟ್‌ವರ್ಕ್‌ನಲ್ಲಿ ಬ್ರೌಸರ್‌ಗೆ ಇಂಟರ್ನೆಟ್ ಇದೆ, ಡೆವ್ ಸರ್ವರ್‌ಗೆ ಇಲ್ಲ.

ಕಂಪನಿಯ ಇಂಟರ್ನೆಟ್ ಪ್ರಾಕ್ಸಿ ಬೇರೆ, ನಾವು ಇಲ್ಲಿ ಮಾತಾಡುತ್ತಿರುವುದು ಬೇರೆ. ಬ್ರೌಸರ್‌ಗೆ ಕಂಪನಿಯ ಪ್ರಾಕ್ಸಿ ಗೊತ್ತು, ಡೆವ್ ಸರ್ವರ್ ಒಳಗಿನ ಪ್ರಾಕ್ಸಿ ಲೈಬ್ರರಿ ಅದನ್ನು ತಾನಾಗಿ ಹುಡುಕುವುದಿಲ್ಲ. ಪ್ರಾಕ್ಸಿ ಏಜೆಂಟ್ ಪ್ಯಾಕೇಜ್ ಹಾಕಿ ಅದನ್ನು ಏಜೆಂಟ್ ಆಯ್ಕೆಗೆ ಕೊಡಬೇಕು. ಕಂಪನಿಯ ವಿಳಾಸ, ಪಾಸ್‌ವರ್ಡ್ ಗಿಟ್‌ಗೆ ಹೋಗದಂತೆ ನೋಡಿಕೊಳ್ಳಿ.

ಮೊಬೈಲ್‌ನಲ್ಲಿ ತೆರೆದು ನೋಡಬೇಕು.

ಡೆವ್ ಸರ್ವರನ್ನು ಹೋಸ್ಟ್ ಆಯ್ಕೆಯೊಂದಿಗೆ ಓಡಿಸಿ, ಅದೇ ವೈಫೈನಲ್ಲಿರುವ ಮೊಬೈಲ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿ ಟೈಪ್ ಮಾಡಿ. ವಿಳಾಸಗಳು "/ಎಪಿಐ" ಇಂದ ಶುರುವಾಗಿದ್ದರೆ ಬೇರೇನೂ ಬದಲಿಸಬೇಕಿಲ್ಲ. ಆದರೆ ಪಿಜಿ, ಹಾಸ್ಟೆಲ್ ವೈಫೈನಲ್ಲಿ ಇದನ್ನು ತೆರೆದಿಟ್ಟು ಊಟಕ್ಕೆ ಹೋಗಬೇಡಿ: ಆ ವೈಫೈನಲ್ಲಿರುವ ಯಾರು ಬೇಕಾದರೂ ನಿಮ್ಮ ಪ್ರಾಕ್ಸಿ ಮೂಲಕ ಡೇರಿ ಸರ್ವರ್ ಮುಟ್ಟಬಹುದು. ಪ್ರಾಕ್ಸಿಯೇ ಎಪಿಐ ಕೀ ಸೇರಿಸಿ ಕಳಿಸುತ್ತಿದ್ದರೆ ನಿಮ್ಮ ಹೆಸರಿನಲ್ಲೇ ಮುಟ್ಟುತ್ತಾರೆ.

ನಿಜವಾದ ಡೇಟಾ ಇರುವ ಸರ್ವರ್‌ಗೇ ಪ್ರಾಕ್ಸಿ ಕೊಡಬಹುದಾ?

ಬೇಡ. ಡಿಲೀಟ್ ಬಟನ್ ಟೆಸ್ಟ್ ಮಾಡುವಾಗ ಅಳಿಸುವುದು ಯಾರದೋ ಹದಿನೈದು ದಿನದ ಬಟವಾಡೆ ಆಗಬಾರದು. ಟೆಸ್ಟ್ ಸರ್ವರ್ ಕೇಳಿ ಪಡೆಯಿರಿ. ಕೊಡುವುದಿಲ್ಲ ಎಂದರೆ ಗೆಟ್ ಮಾತ್ರ ದಾಟಿಸಿ ಉಳಿದದ್ದನ್ನು ಪ್ರಾಕ್ಸಿಯಲ್ಲೇ ತಡೆಯಿರಿ.

ಬಿಲ್ಡ್ ಮಾಡಿ ಸರ್ವರ್‌ಗೆ ಹಾಕಿದೆ. ಎಲ್ಲಾ ಎಪಿಐ 404.

ಡೆವ್ ಸರ್ವರ್‌ನ ಪ್ರಾಕ್ಸಿ ಬಿಲ್ಡ್ ಒಳಗೆ ಹೋಗುವುದಿಲ್ಲ. ಬಿಲ್ಡ್ ಆದ ಮೇಲೆ ಇರುವುದು ಬರೀ ಫೈಲುಗಳು, ರಿಕ್ವೆಸ್ಟ್ ಸಾಗಿಸುವವರು ಯಾರೂ ಇಲ್ಲ. ಅದೇ ಕೆಲಸವನ್ನು ಅಲ್ಲಿ ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರ್ ಮಾಡಬೇಕು: ಒಂದೇ ಡೊಮೇನ್‌ನಲ್ಲಿ ಫೈಲುಗಳೂ ಇರಲಿ, "/ಎಪಿಐ/" ಎಂಬ ಲೊಕೇಶನ್‌ಗೆ ಪ್ರಾಕ್ಸಿ ಪಾಸ್ ಇರಲಿ. ಆ್ಯಪ್‌ನ ಕೋಡಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಎಂಜಿನ್‌ಎಕ್ಸ್‌ನಲ್ಲಿ ಪ್ರಾಕ್ಸಿ ಪಾಸ್ ವಿಳಾಸದ ಕೊನೆಯ ಓರೆಗೆರೆಗೆ ಬಹಳ ಬೆಲೆ. ಓರೆಗೆರೆ ಇದ್ದರೆ "/ಎಪಿಐ/" ಭಾಗ ಕತ್ತರಿಸಿ ಕಳಿಸುತ್ತದೆ, ಇಲ್ಲದಿದ್ದರೆ ಹಾಗೇ ಕಳಿಸುತ್ತದೆ. ಡೆವ್‌ನಲ್ಲಿ ರೀರೈಟ್ ಬಳಸಿದ್ದರೆ ಓರೆಗೆರೆ ಹಾಕಿ, ಬಳಸದಿದ್ದರೆ ಹಾಕಬೇಡಿ. ಹೋಸ್ಟ್ ಹೆಡರ್‌ಗೆ ಎಂಜಿನ್‌ಎಕ್ಸ್ ಮೊದಲಿನಿಂದಲೇ ಟಾರ್ಗೆಟ್‌ನ ಹೆಸರನ್ನು ಹಾಕುತ್ತದೆ, ಚೇಂಜ್‌ಆರಿಜಿನ್ ಆನ್ ಇದ್ದ ಹಾಗೆ.

ಎಪಿಐ ಕೀ ಇದ್ದರೆ ಅದೂ ಈ ಹಂತದಲ್ಲೇ ಸೇರಲಿ. ಮುಂಭಾಗದ ಕೋಡಿನಲ್ಲಿ ಬರೆದ ಕೀ ಬಿಲ್ಡ್ ಫೈಲಿನಲ್ಲಿ ಎಲ್ಲರಿಗೂ ಕಾಣುತ್ತದೆ.

ಎರಡು ಬ್ಯಾಕೆಂಡ್ ಇದ್ದರೆ?

ಎರಡು ನಿಯಮ ಬರೆಯಿರಿ. ವೀಟ್ ಮೇಲಿನಿಂದ ಕೆಳಗೆ ನೋಡುತ್ತಾ ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ಹಾಗಾಗಿ "/ಎಪಿಐ/ಬಟವಾಡೆ" ಮೇಲೆ ಬರಲಿ, "/ಎಪಿಐ" ಕೆಳಗೆ. ಎಂಜಿನ್‌ಎಕ್ಸ್ ಕ್ರಮ ನೋಡುವುದಿಲ್ಲ, ಸಾಮಾನ್ಯ ಹಾದಿಗಳಲ್ಲಿ ಅತಿ ಉದ್ದ ಹೊಂದುವುದನ್ನು ಆರಿಸುತ್ತದೆ. ವೀಟ್‌ಗೆ ಶುರುವಿನ ಅಕ್ಷರಗಳು ಹೊಂದಿದರೆ ಸಾಕು. "/ಹಾಲು" ಎಂದು ಬರೆದ ನಿಯಮಕ್ಕೆ "/ಹಾಲುಪುಡಿ" ಕೂಡ ಸಿಕ್ಕಿಬೀಳುತ್ತದೆ. ಕೊನೆಗೆ ಒಂದು ಓರೆಗೆರೆ ಸೇರಿಸಿಬಿಡಿ.